ಗುರುವಾರ ಬಂದವಳ ಹೆಸರು

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ನಾನು ಹೇಳುವುದು ಒಂದೇ ಮಾತು: ಬಂದವರಿಗೆ ಹೆಸರಿಡಬೇಡಿ. ಊಟ ಕೊಡಿ, ಸೀರೆ ಕೊಡಿ, ತಲೆಗೆ ಎಣ್ಣೆ ಹಚ್ಚಿ ಹೇನು ತೆಗೆಯಿರಿ. ಬೈದರೆ ಬೈಸಿಕೊಳ್ಳಿ, ಕಚ್ಚಲು ಬಂದರೆ ದೂರ ನಿಲ್ಲಿ. ಹೆಸರೊಂದನ್ನು ಮಾತ್ರ ನೀವಾಗಿ ಕೊಡಬೇಡಿ. ಯಾಕೆ ಎಂದು ಕೇಳಿದವರಿಗೆಲ್ಲ ನಿಂತ ನಿಲುವಿನಲ್ಲಿ ಉತ್ತರ ಹೇಳಲು ನನಗೆ ಬರಲಿಲ್ಲ. ಈಗ ನಿವೃತ್ತಿಯಾಗಿದೆ. ಮನೆಯಲ್ಲಿ ನನ್ನ ಮಾತಿಗಿಂತ ಟೀವಿಯ ಮಾತಿಗೆ ಬೆಲೆ ಹೆಚ್ಚು. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ರಾಯಚೂರಿನ ಹೆಣ್ಣುಮಕ್ಕಳ ಆಶ್ರಯ ಮನೆಯೊಂದರಲ್ಲಿ ನಾನು ಗೃಹಮಾತೆಯಾಗಿದ್ದೆ. ಗೃಹಮಾತೆ ಎಂದರೆ ಕೇಳಲು ಬಲು ದೊಡ್ಡ ಪದವಿ. ಕೆಲಸ ನೋಡಿದರೆ ಸೊಂಟಕ್ಕೆ ಬಾಗಿಲ ಕೀಲಿ ಸಿಕ್ಕಿಸಿಕೊಂಡು ಬೆಳಗಿನಿಂದ ಒದರಾಡುವುದು. ಯಾರು ಸ್ನಾನ ಮಾಡಿದರು, ಯಾರು ಗುಳಿಗೆ ನುಂಗದೆ ಕೆನ್ನೆಯಲ್ಲಿ ಬಚ್ಚಿಟ್ಟುಕೊಂಡರು, ಯಾರು ಯಾರ ಜಡೆ ಹಿಡಿದು ಜಗ್ಗಿದರು, ಇವೇ ನಮ್ಮ ರಾಜಕಾರಣ. ಮುಂಬೈ, ಮದ್ರಾಸಿನ ರೈಲುಗಳು ನಿಂತು ಹೋಗುವ ಊರು ನಮ್ಮದು. ದಿಕ್ಕು ತಪ್ಪಿದ ಹೆಂಗಸರನ್ನು ರೈಲು ಇಳಿಸಿ ಹೋಗುತ್ತಿತ್ತು, ಪೊಲೀಸರು ನಮ್ಮ ಬಾಗಿಲಿಗೆ ತಂದು ಬಿಡುತ್ತಿದ್ದರು. ಗಂಡ ಹೊರಗೆ ಹಾಕಿದವರು, ಮನೆ ಬಿಟ್ಟು ಓಡಿ ಬಂದವರು, ಚಿತ್ತ ಕೆಟ್ಟವರು, ಎಲ್ಲರಿಗೂ ಅದೇ ಬಾಗಿಲು.

ಹೆಸರು ಹೇಳದವರು, ಹೇಳಲು ಬಾರದವರು ಬಂದರೆ ನಮ್ಮಲ್ಲಿ ಒಂದು ರೂಢಿ ಇತ್ತು. ಸೋಮವಾರ ಬಂದವಳು ಸೋಮಮ್ಮ, ಮಂಗಳವಾರದವಳು ಮಂಗಳಮ್ಮ, ಗುರುವಾರ ಬಂದರೆ ಗುರುವಮ್ಮ, ಶನಿವಾರ ಬಂದರೆ ಹನುಮಮ್ಮ. ಬುಧವಾರಕ್ಕೆ ಏನೂ ಹೊಂದದೆ ಒಬ್ಬಳಿಗೆ ಬುದ್ಧಮ್ಮ ಎಂದು ಇಟ್ಟಿದ್ದರು. ನಾನು ಬೌದ್ಧರ ಮನೆಯ ಮಗಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಮ್ಮ ಸೂಪರಿಂಟೆಂಡೆಂಟ್‌ಗೆ ನಾವೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದೆವು. ಶಿಸ್ತಿನ ಹೆಂಗಸು, ಕೆಟ್ಟವರಲ್ಲ. ಈ ರೂಢಿಯ ಬಗ್ಗೆ ಕೇಳಿದಾಗ ಅವರೆಂದರು:

"ಹೆಸರಿಲ್ಲಂದ್ರ ಊಟಕ್ಕ ಹೆಂಗ ಕರೀತಿ ಸುಜಾತಾ? ಏ, ಓ ಅಂತ ಕರಿಯೂದಕಿಂತ ಇದು ಮರ್ಯಾದಿ ಅಲ್ಲೇನು?"

ಅದೂ ಸರಿ ಅನಿಸಿತು. ಸರಿ ಅನಿಸಲು ನನ್ನದೇ ಒಂದು ಕಾರಣವಿತ್ತು. ನಾನು ಹುಟ್ಟಿದಾಗ ದುರುಗಮ್ಮ. ನಮ್ಮಪ್ಪ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ನನ್ನ ಕೈ ಹಿಡಿದು ಶಾಲೆಗೆ ಕರೆದೊಯ್ದು, ಹೆಡ್‌ಮಾಸ್ತರರ ಮುಂದೆ ನಿಲ್ಲಿಸಿ, "ನಿನಗ ಸುಜಾತಾ ಅನ್ನೂದು ಒಪ್ಪಿಗಿ ಐತೇನು?" ಎಂದು ನನ್ನನ್ನೇ ಕೇಳಿದ. ಹೂಂ ಅಂದೆ. ಹೊಸ ಲಂಗ ತೊಟ್ಟಷ್ಟು ಖುಷಿಯಾಗಿತ್ತು. ಹೆಸರು ಬದಲಾದರೆ ಮನುಷ್ಯನಿಗೆ ಒಳ್ಳೆಯದೇ ಆಗುತ್ತದೆ ಎಂದು ನಂಬಿ ಬೆಳೆದವಳು ನಾನು. ಅಪ್ಪ ನನ್ನನ್ನು ಕೇಳಿದ್ದ ಎಂಬುದು ಮಾತ್ರ ಬಹಳ ವರ್ಷ ಲಕ್ಷ್ಯಕ್ಕೆ ಬಂದಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಸೋಮಮ್ಮ ಸಾಯುವಾಗ. ಆಕೆ ಮುದುಕಿ. ಆಡುತ್ತಿದ್ದ ಮಾತು ತೆಲುಗಲ್ಲ, ತಮಿಳಲ್ಲ, ಉರ್ದುವೂ ಅಲ್ಲ. ಬಹಳ ಕಾಲ ನಮ್ಮಲ್ಲೇ ಇದ್ದಳು, ಸೋಮಮ್ಮ ಎಂದರೆ ತಿರುಗಿ ನೋಡುವಷ್ಟು ರೂಢಿಯಾಗಿತ್ತು. ಕೊನೆಯ ದಿನ ನನ್ನ ಮಣಿಕಟ್ಟು ಹಿಡಿದು ಒಂದೇ ಶಬ್ದವನ್ನು ಮತ್ತೆ ಮತ್ತೆ ಹೇಳಿದಳು. ನೀರು ಕೊಟ್ಟೆ, ಬೇಡ ಎಂದು ತಲೆಯಾಡಿಸಿದಳು. ಅದು ಅವಳ ಹೆಸರೋ, ಮಗಳ ಹೆಸರೋ, ಊರೋ, ಇವತ್ತಿಗೂ ಗೊತ್ತಿಲ್ಲ. ಮಣ್ಣು ಮಾಡುವಾಗ ಯಾರನ್ನು ಮಣ್ಣು ಮಾಡುತ್ತಿದ್ದೇವೆ ಎಂಬುದೇ ನಮಗೆ ಗೊತ್ತಿರಲಿಲ್ಲ.

ಇದಕ್ಕೆ ಉಲ್ಟಾ ಇನ್ನೊಬ್ಬಳು. ಗಿಲ್ಲೆಸುಗೂರಿನ ಕಡೆಯ ಹುಡುಗಿ, ಒಲ್ಲದ ಮದುವೆಯಿಂದ ತಪ್ಪಿಸಿಕೊಂಡು ಬಸ್ಸು ಹತ್ತಿ ಬಂದವಳು. ಹದಿನೆಂಟು ತುಂಬಿದವಳೇ. ತನ್ನ ಹೆಸರು ಅಂಕಿತಾ ಎಂದಳು. ತಾನೇ ಇಟ್ಟುಕೊಂಡ ಆ ಹೆಸರು ಅವಳ ಬಾಯಲ್ಲೇ ಇನ್ನೂ ಹೊಸದಾಗಿತ್ತು. ಎರಡು ದಿನಕ್ಕೆ ಅವಳ ಅಪ್ಪ, ಚಿಕ್ಕಪ್ಪಂದಿರು ಗೇಟಿನ ಮುಂದೆ ನಿಂತು, "ಯಂಕಮ್ಮನ್ನ ಹೊರಗ ಕಳಸ್ರಿ" ಎಂದು ಕೂಗಾಡಿದರು. ಹುಡುಗಿ ನನ್ನ ಬೆನ್ನ ಹಿಂದೆ ಸೆರಗು ಹಿಡಿದು ನಿಂತು, "ಅಕ್ಕಾರ, ಆ ಹೆಸರಿನಾಕಿ ಇಲ್ಲಿ ಇಲ್ಲಂತ ಹೇಳ್ರಿ" ಎಂದಳು. ಗೇಟಿನ ಹತ್ತಿರ ಹೋಗಿ ಹಾಗೇ ಹೇಳಿದೆ. ಪೊಲೀಸರು ಬರುವವರೆಗೆ ಅವರು ಕಲ್ಲು ಹಿಡಿದು ನಿಂತಿದ್ದರು, ನಾನು ಕೀಲಿ ಹಿಡಿದು ನಿಂತಿದ್ದೆ. ಹೇಳಿದ್ದು ಸುಳ್ಳು ಎಂದು ನನಗೆ ಅನಿಸಲಿಲ್ಲ.

ಇನ್ನು ಗುರುವಾರ ಬಂದವಳ ವಿಷಯ.

ಅವಳನ್ನು ತಂದದ್ದು ರೈಲ್ವೆ ಪೊಲೀಸಿನ ಹೆಣ್ಣುಮಗಳು. ಪ್ಲಾಟ್‌ಫಾರ್ಮಿನ ನಳದ ಹತ್ತಿರ ಕೂತಿದ್ದಳಂತೆ. ಕೂದಲು ಜಡೆಗಟ್ಟಿತ್ತು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು, ಬಿಡಿಸಲು ಹೋದರೆ ಬೆರಳು ಮುರಿದರೂ ಬಿಡುವ ಹಾಗಿರಲಿಲ್ಲ. ಮಾತಿಲ್ಲ, ಅಳುವಿಲ್ಲ. ಯಾವ ಬಾಗಿಲಿಗೆ ಬಂದರೂ ಹೊಸ್ತಿಲ ಈಚೆಗೆ ನಿಂತುಬಿಡುತ್ತಿದ್ದಳು. ಯಾರಾದರೂ "ಬಾ" ಎನ್ನಬೇಕು, ಆಮೇಲೇ ದಾಟುವುದು. ಅದು ಕಾಯಿಲೆಯ ಗುಣ ಎಂದುಕೊಂಡೆವು. ಹೇನಿನ ಕಾಟಕ್ಕೆ ಕೂದಲು ಕತ್ತರಿಸಿದೆವು. ಗುರುವಮ್ಮ ಎಂದು ಕರೆದೆವು.

ಆಗ ಬೆರಳಿಟ್ಟರೆ ಊರು ಹೆಸರು ಹೇಳುವ ಯಂತ್ರ ನಮ್ಮಲ್ಲಿಗೆ ಬಂದಿರಲಿಲ್ಲ. ಫೋಟೋ ಕಳಿಸಿದರೆ ಸಂಜೆಗೆ ಮನೆಯವರು ಸಿಗುವ ಕಾಲವೂ ಅಲ್ಲ. ಈಗಿನ ಹುಡುಗಿಯರು ಪುಣ್ಯವಂತರು. ಆದರೂ ಯಂತ್ರ ಹೇಳಿದ ಕೂಡಲೇ ಕಡತ ಮುಚ್ಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಂತ್ರ ಬೆರಳನ್ನು ಗುರುತಿಸುತ್ತದೆ ಅಷ್ಟೆ, ಮುಂದಿನದು ನಮ್ಮ ಕೆಲಸ.

ಮನೋರೋಗದ ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಮೈಸೂರು ಕಡೆಯ ತರುಣ, ಮೆತ್ತಗಿನ ಮಾತು. ಅವರ ಔಷಧಕ್ಕೆ ಗುರುವಮ್ಮ ನಿಧಾನವಾಗಿ ತಿರುಗಿದಳು. ಮೊದಲು ಊಟ ಸರಿಹೋಯಿತು, ಆಮೇಲೆ ನಿದ್ದೆ, ಆಮೇಲೆ ಒಂದೊಂದು ಮಾತು. ಅಡುಗೆಯ ಶಾಂತಮ್ಮನ ಹತ್ತಿರ ಕೂತು ರೊಟ್ಟಿ ಬಡಿಯಲು ಶುರು ಮಾಡಿದಳು. ಒಂದು ದಿನ ಡಾಕ್ಟರು ಎದುರಿಗೆ ಕೂರಿಸಿಕೊಂಡು ಕೇಳಿದರು. ನಾನು ಪಕ್ಕದಲ್ಲಿದ್ದೆ.

"ನಿಮ್ಮ ಹೆಸರೇನಮ್ಮಾ?"

"ಗುರುವಮ್ಮ ಅಂತ... ಇವರು ಕರೀತಾರ್ರೀ."

"ಇಲ್ಲಿಗೆ ಬರೋ ಮೊದಲು?"

"ಮಾದೇವಿ ಅಂತಿದ್ರು."

"ಗಂಡನ ಹೆಸರು?"

ತಲೆ ತಗ್ಗಿಸಿದಳು. ಡಾಕ್ಟರು ಇನ್ನೊಮ್ಮೆ ಕೇಳಿದರು, ಸಣ್ಣ ಮಗುವಿಗೆ ಕೇಳಿದ ಹಾಗೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು, ಬಾಯಿ ಬಿಡಲಿಲ್ಲ.

"ಹೋಗಲಿ, ಗಂಡನ ಊರು ಯಾವುದು?"

"ಅವರದು ಯಾವೂರೋ ಅದೇ ನಮ್ಮೂರ್ರೀ" ಎಂದಳು.

ಮುಂದಿನ ವಾರವೂ ಇದೇ, ಅದರ ಮುಂದಿನ ವಾರವೂ ಇದೇ. ನೆನಪು ಮರಳಿಲ್ಲ ಎಂದು ಡಾಕ್ಟರು ತೀರ್ಮಾನಿಸಿದರು. ಮಾದೇವಿ ಎಂದದ್ದನ್ನೂ ಯಾರೂ ನೆಚ್ಚಲಿಲ್ಲ, ಗುರುವಮ್ಮ ಎಂದೇ ಕರೆಯುತ್ತಿದ್ದೆವು. ಗುಳಿಗೆ ಹೆಚ್ಚಾಯಿತು. ರೊಟ್ಟಿ ಬಡಿಯುತ್ತಿದ್ದವಳು ಹಗಲೆಲ್ಲ ಗೋಡೆಗೆ ಒರಗಿ ತೂಕಡಿಸತೊಡಗಿದಳು. ಕೊನೆಗೆ, ಗುಣವಾಗುವ ಲಕ್ಷಣ ಇಲ್ಲದವರ ಜೊತೆ ಇವಳನ್ನೂ ದೂರದ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಕಳಿಸುವುದು ಎಂದಾಯಿತು. ವ್ಯಾನು ಬರುವ ದಿನವೂ ಗೊತ್ತಾಯಿತು. ಅಲ್ಲಿಗೆ ನಮ್ಮಿಂದ ಹೋದ ಒಬ್ಬಳೂ ತಿರುಗಿ ಬಂದದ್ದನ್ನು ನಾನು ಕಂಡಿರಲಿಲ್ಲ. ಆದರೆ ಏನೆಂದು ತಡೆಯಲಿ? ಗಂಡನ ಹೆಸರೇ ಗೊತ್ತಿಲ್ಲದವಳು ಗುಣವಾಗಿದ್ದಾಳೆ ಎಂದರೆ ಯಾರು ಒಪ್ಪುತ್ತಾರೆ?

ಆ ವಾರವೇ ಶಾಂತಮ್ಮನ ಮಗಳ ಕುಬಸ, ಅಂದರೆ ಸೀಮಂತ, ಬಂತು. ಅವಳಿಗೆ ಏಳು ತಿಂಗಳು. ಶಾಂತಮ್ಮನ ಮನೆ ಕಿರಿದು, ನಮ್ಮವರೇ ಅವಳ ನೆಂಟರು. ದೊಡ್ಡ ಮೇಡಂಗೆ ದುಂಬಾಲು ಬಿದ್ದು ನಮ್ಮ ಪಡಸಾಲೆಯಲ್ಲೇ ಮಾಡುವುದೆಂದಾಯಿತು. ಹಸಿರು ಬಳೆ, ಹೂವು, ಹೋಳಿಗೆ. ಎಷ್ಟೋ ದಿನದಿಂದ ನಗದ ಮುಖಗಳೂ ಬಳೆ ಇಡಿಸಿಕೊಂಡು ನಕ್ಕವು. ನನಗೆ ಮಾತ್ರ ಬರಲಿರುವ ವ್ಯಾನಿನದೇ ಚಿಂತೆ.

ಆರತಿ ಮುಗಿದ ಮೇಲೆ ಒಡಪು ಶುರುವಾಯಿತು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಹಿಡಿದು ಕರೆಯುವುದಿಲ್ಲ, ಕೇಳಿದರೂ ಹೇಳುವುದಿಲ್ಲ, ಗಟ್ಟಿ ನೇಮದವರು ಅವನ ಊರನ್ನೂ ಬಾಯಿ ಬಿಡುವುದಿಲ್ಲ. ಹೇಳಲೇಬೇಕಾದರೆ ಪ್ರಾಸ ಕಟ್ಟಿದ ಒಡಪಿನೊಳಗೆ ಸೇರಿಸಿ ಹೇಳಬೇಕು. ಮದುವೆ, ಕುಬಸಗಳಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ ನಿಲ್ಲುತ್ತಾರೆ, ಒಡಪು ಹೇಳಿದವಳಿಗೇ ಗಂಡಿ, ಅಂದರೆ ಹಾದಿ. ಶಾಂತಮ್ಮ ಅಡುಗೆ ಮನೆಯ ಬಾಗಿಲಿಗೆ ಎರಡೂ ಕೈ ಚಾಚಿ ನಿಂತಿದ್ದಳು. ಒಬ್ಬೊಬ್ಬರೇ ಹೇಳಿ ನಗುತ್ತ ಒಳಗೆ ಹೋದರು. ಗಂಡನಿಂದ ಒದೆ ತಿಂದು ಬಂದವಳೂ ಅವನ ಹೆಸರಿಗೊಂದು ಪ್ರಾಸ ಕಟ್ಟಿದಳು. ಹೋಳಿಗೆಯ ತಾಟು ಹಿಡಿದು ಗುರುವಮ್ಮ ಬಂದು, ಎಂದಿನಂತೆ, ಹೊಸ್ತಿಲ ಈಚೆ ನಿಂತಳು.

"ಆಕಿನ್ನ ಬಿಡು ಶಾಂತಮ್ಮ" ಎಂದರು ಯಾರೋ.

"ಯಾಕ ಬಿಡಲಿ? ಹೆಸರ ಹೇಳು ಬೇ, ಹಾದಿ ಬಿಡ್ತೀನಿ" ಎಂದಳು ಶಾಂತಮ್ಮ.

ನನಗೆ ರೇಗಿತು. ಡಾಕ್ಟರು ಕೇಳಿ ಕೇಳಿ ಸೋತ ಮಾತನ್ನು ಚೇಷ್ಟೆ ಮಾಡುತ್ತಾಳಲ್ಲ ಎಂದು ಬೈಯಲು ಎದ್ದೆ. ಅಷ್ಟರಲ್ಲಿ ಗುರುವಮ್ಮ ಸೆರಗು ಹೊದ್ದು, ನೆಲ ನೋಡುತ್ತ, ಒಡಕು ದನಿಯಲ್ಲಿ ಹೇಳಿದಳು:

"ಜೋಳದ ಹೊಲಕ ಜೋಡೆತ್ತಿನ ಬಂಡಿ,
ದೇವದುರ್ಗದ ಸಂತ್ಯಾಗ ಮಲ್ಲಿಗಿ ದಂಡಿ,
ಅಮರೇಶ ಬರೂ ಹೊತ್ತಾತು, ಬಿಡರೆವ್ವ ಗಂಡಿ."

ಶಾಂತಮ್ಮನ ಕೈಗಳು ತಾವಾಗಿ ಕೆಳಗಿಳಿದವು. ಗುರುವಮ್ಮ ಹೊಸ್ತಿಲು ದಾಟಿ ಒಳಗೆ ಹೋಗಿ ತಾಟು ಇಟ್ಟಳು, ಏನೂ ಆಗದವರ ಹಾಗೆ.

ಗಂಡ ಅಮರೇಶ. ಊರು ದೇವದುರ್ಗ. ಅವಳು ಏನನ್ನೂ ಮರೆತಿರಲಿಲ್ಲ. ಚಿತ್ತ ಕೆಟ್ಟು, ರೈಲು ನಿಲ್ದಾಣದ ನೀರು ಕುಡಿದು ಬದುಕಿದಾಗಲೂ ಅವಳು ತನ್ನ ನೇಮ ಬಿಟ್ಟಿರಲಿಲ್ಲ ಅಷ್ಟೆ. ನಾವು ಅದನ್ನು ಮರೆವು ಎಂದು ಬರೆದು ಗುಳಿಗೆ ಹೆಚ್ಚಿಸಿದ್ದೆವು. ಮೈಸೂರಿನ ಡಾಕ್ಟರಿಗೆ ತಿಳಿಯಲಿಲ್ಲ, ಸರಿ. ಅಲ್ಲಿದ್ದ ನಾವೆಲ್ಲ ಇದೇ ಸೀಮೆಯವರು. ನಮ್ಮ ಮನೆಯಲ್ಲಿ ಅಪ್ಪ ಈ ಒಡಪುಗಳನ್ನೆಲ್ಲ ಹೊರಗೆ ಹಾಕಿದ್ದ. "ನನ್ನ ಹೆಸರ ಹಿಡದು ಕರಿ" ಎಂದು ಅವ್ವನಿಗೆ ಹೇಳಿದ್ದ, ಅವಳು ಕರೆಯುತ್ತಲೂ ಇದ್ದಳು, ಹಾಗಾಗಿ ನನಗೆ ಹೊಳೆಯಲಿಲ್ಲ. ಶಾಂತಮ್ಮನಿಗೆ ಒಡಪು ಗೊತ್ತು, ಆದರೆ ಡಾಕ್ಟರ ಪ್ರಶ್ನೆ ಗೊತ್ತಿಲ್ಲ. ಹೀಗೆ ಎಲ್ಲರ ಕಣ್ಣೆದುರಿಗೇ ಒಬ್ಬಳು ಹುಚ್ಚಿಯಾಗಿ ಉಳಿದಿದ್ದಳು.

ಡಾಕ್ಟರಿಗೆ ಹೇಳಿದೆ. "ನಾನು ತಲೆಕೆಳಗಾಗಿ ಓದಿಬಿಟ್ಟೆನಲ್ಲ, ಸುಜಾತಾ ಅವರೇ" ಎಂದರು. ಗುಳಿಗೆ ತಗ್ಗಿಸಿದರು, ವ್ಯಾನಿನ ಪಟ್ಟಿಯಿಂದ ಅವಳ ಹೆಸರು ತೆಗೆಸಿದರು. ಆದರೆ ಅದು ಶಾಶ್ವತವಾಗಿ ಅಲ್ಲ, ಮುಂದಿನ ವ್ಯಾನು ಬರುವುದರೊಳಗೆ ಮನೆ ಸಿಗಬೇಕು.

ಉಳಿದ ಕತೆಯನ್ನು ಅವಳು ಶಾಂತಮ್ಮನಿಗೆ ರೊಟ್ಟಿ ಬಡಿಯುತ್ತಲೇ ಹೇಳಿದಳು. ಹೊಟ್ಟೆಯಲ್ಲಿದ್ದ ಕೂಸು ಹುಟ್ಟಿ ಉಳಿಯಲಿಲ್ಲ. ಆಮೇಲೆ ತಲೆಯೊಳಗೆ ಕೂಸು ಅಳುವ ಸದ್ದು. ಅದನ್ನು ಹುಡುಕಿಕೊಂಡು ಮನೆ ಬಿಟ್ಟಳು, ಯಾವುದೋ ಬಸ್ಸು, ಯಾವುದೋ ರೈಲು. ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ದೇವದುರ್ಗದ ಪೊಲೀಸರಿಂದ ತಿರುಗಿ ಬಂದ ಸುದ್ದಿ ಬೇರೆಯೇ ಇತ್ತು. ಅಮರೇಶ ಎಂಬವನಿದ್ದಾನೆ. ಅವನ ಹೆಂಡತಿ ಮಹಾದೇವಿ ಸತ್ತಿದ್ದಾಳೆ. ಕೃಷ್ಣಾ ಹೊಳೆಯಲ್ಲಿ ಸಿಕ್ಕ ಹೆಣ ಅವಳದೇ ಎಂದು ಗುರುತು ಹಿಡಿದು ಮಣ್ಣು ಮಾಡಿದ್ದಾರೆ. ಅವನು ಇನ್ನೊಂದು ಮದುವೆಯಾಗಿದ್ದಾನೆ, ಮಗುವಿದೆ.

"ಸತ್ತಾಕಿ ಹೆಂಗ ಬರ್ತಾಳ? ಈಕಿ ಯಾರರೆ ಬ್ಯಾರೆ ಇರಬೇಕು" ಎಂದರು ದೊಡ್ಡ ಮೇಡಂ.

"ಒಮ್ಮೆ ಕರ್ಕೊಂಡು ಹೋಗಿ ಬರ್ತೀನ್ರಿ, ಮೇಡಂ."

"ಅಲ್ಲಿ ಅಲ್ಲ ಅಂದ್ರ ಮತ್ತ ಮೊದಲಿನಂಗ ಆದಾಳು. ಆಗ ಜವಾಬ್ದಾರಿ ಯಾರದು?"

ನನ್ನದು ಎಂದೆ.

ಹೊರಡುವ ಮೊದಲು ಎಲ್ಲವನ್ನೂ ಅವಳಿಗೆ ಹೇಳಿದೆ. ಹೆಣದ ವಿಷಯ, ಮದುವೆಯ ವಿಷಯ, ಮಗುವಿನ ವಿಷಯ. ಅವಳು ಬಳೆಗಳನ್ನು ಒಂದೊಂದೇ ಹಿಂದಕ್ಕೆ ಸರಿಸುತ್ತ ಎಲ್ಲ ಕೇಳಿಸಿಕೊಂಡಳು.

"ಮದುವಿ ಆಗ್ಲಿ ಬಿಡ್ರಿ ಅಕ್ಕಾರ. ಗಂಡಸು. ನನಗ ಆ ಮನಿ ಬ್ಯಾಡ. ನಾ ಸತ್ತಿಲ್ಲಂತ ಹೇಳಿ ಬರ್ತೀನಿ, ಅಷ್ಟ."

ಜೀಪಿನಲ್ಲಿ ಪೊಲೀಸ್ ಹೆಣ್ಣುಮಗಳೊಬ್ಬಳು ಮುಂದೆ, ನಾವಿಬ್ಬರು ಹಿಂದೆ. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ: "ಗುರ್ತ ಹಿಡೀತಾರಲ್ರೀ?" ನಾನು ಹೂಂ ಎನ್ನುತ್ತಿದ್ದೆ. ಕತ್ತರಿಸಿದ ಕೂದಲು, ಇಳಿದ ಕೆನ್ನೆ. ನನಗೇ ನಂಬಿಕೆ ಇರಲಿಲ್ಲ.

ದೇವದುರ್ಗದ ಆ ಓಣಿಯಲ್ಲಿ ಜೀಪು ನಿಂತ ಕೂಡಲೇ ಮಂದಿ ಕೂಡಿತು. ಬಾಗಿಲಿಗೆ ಅವಳ ಅತ್ತೆ ಬಂದಳು. ಎರಡೂ ತೋಳು ಬಾಗಿಲ ಚೌಕಟ್ಟಿಗೆ ಅಡ್ಡ ಚಾಚಿ ನಿಂತಳು. ಶಾಂತಮ್ಮ ನಿಂತ ಹಾಗೇ, ಆದರೆ ಇಲ್ಲಿ ಯಾರ ಮುಖದಲ್ಲೂ ನಗುವಿರಲಿಲ್ಲ.

"ನಮ್ಮ ಸೊಸಿ ಸತ್ತು ಮಣ್ಣಾಗ್ಯಾಳ. ಯಾರನ್ನ ತಂದೀರಿ ಇದು?" ಎಂದಳು.

"ದೆವ್ವ ಇರಬೇಕು ನೋಡ್ರಿ" ಎಂದಿತು ಹಿಂದಿನಿಂದ ಒಂದು ದನಿ. ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು.

ಪೊಲೀಸಿನವಳು ಅಮರೇಶನನ್ನು ಹೊರಗೆ ಕರೆದಳು. ತಾಯಿಯ ತೋಳಿನ ಹಿಂದೆ ಬಂದು ನಿಂತ. ಅವನ ಹಿಂದೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಹೊಸ ಹೆಂಡತಿ. ಅವಳ ಕಣ್ಣಲ್ಲಿದ್ದ ಭಯ ನೋಡಿ ನನಗೆ ಅವಳ ಮೇಲೂ ಕನಿಕರ ಬಂತು.

"ನೋಡಪ್ಪಾ, ಛಲೋತ್ನಾಗಿ ನೋಡು. ನಿನ್ನ ಹೆಂಡ್ತಿ ಹೌದೋ ಅಲ್ಲೋ?"

ಅವನು ತನ್ನ ಕಾಲ ಬೆರಳು ನೋಡುತ್ತ ಹೇಳಿದ: "ಅಲ್ರೀ. ಈಕಿ ಅಲ್ರೀ."

ನಾನು ಅವಳ ಕಡೆ ತಿರುಗಿದೆ. ಮುಷ್ಟಿ ಸೆರಗಿನ ತುದಿಗೆ ಹೋಗಿತ್ತು. ನಳದ ಹತ್ತಿರ ಕೂತವಳ ಮುಷ್ಟಿ ಅದೇ. ಕಣ್ಣು ಎಲ್ಲಿಯೋ ಜಾರುತ್ತಿತ್ತು. ಮುಗಿಯಿತು, ಕಟ್ಟಿದ್ದೆಲ್ಲ ಇಲ್ಲಿಗೆ ಬಿತ್ತು ಎಂದುಕೊಂಡೆ. ಅವಳು ನನ್ನ ಕೈ ಹಿಡಿದು ಸಣ್ಣ ದನಿಯಲ್ಲಿ ಕೇಳಿದಳು:

"ಅಕ್ಕಾರ, ನಾ ಅಲ್ಲೇನ್ರಿ?"

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅದಕ್ಕಿಂತ ಕಠಿಣ ಪ್ರಶ್ನೆಯನ್ನು ನನಗೆ ಯಾರೂ ಕೇಳಿಲ್ಲ. ನೀನೇ ಎಂದು ನಾನು ಹೇಗೆ ಹೇಳಲಿ? ನಾನು ಬಲ್ಲವಳು ಗುರುವಮ್ಮ, ಗುರುವಾರ ಬಂದವಳು, ನಾವು ಹೆಸರಿಟ್ಟವಳು. ಅದಕ್ಕೆ ಹಿಂದಿನವಳನ್ನು ನಾನು ಕಂಡೇ ಇರಲಿಲ್ಲ.

ಅವಳು ನನ್ನ ಕೈ ಬಿಟ್ಟಳು. ಬಾಗಿಲ ಕಡೆ ಎರಡು ಹೆಜ್ಜೆ ಹೋಗಿ, ಹೊಸ್ತಿಲ ಈಚೆ ನಿಂತು, ಓಣಿಗೆಲ್ಲ ಕೇಳುವ ಹಾಗೆ ಕರೆದಳು.

"ಅಮರೇಶಾ!"

ಪ್ರಾಸವಿಲ್ಲ, ಬಂಡಿಯಿಲ್ಲ, ಮಲ್ಲಿಗೆಯ ದಂಡಿಯಿಲ್ಲ. ಬರೀ ಹೆಸರು. ಕೂಡಿದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಸೊಸೆಯೊಬ್ಬಳು ಗಂಡನ ಮನೆಯ ಮುಂದೆ ನಿಂತು ಗಂಡನ ಹೆಸರು ಕೂಗಿದ್ದನ್ನು ಆ ಓಣಿ ಕೇಳಿರಲಿಲ್ಲ.

"ಏ ಅಮರೇಶಾ, ತಲಿ ಎತ್ತು!"

ಎತ್ತಿದ. ನೋಡಿದ. ಅವನ ಮುಖದ ಬಣ್ಣ ಹೋದದ್ದು ಎಲ್ಲರಿಗೂ ಕಂಡಿತು. ಅತ್ತೆಯ ತೋಳು ಚೌಕಟ್ಟಿನಿಂದ ಜಾರಿತು.

"ನಾ ಏನ್ ಮಾಡ್ಲಿ..." ಎಂದ ಅವನು. "ಎಲ್ಲಾರೂ ಸತ್ತಾಳ ಅಂದ್ರು. ನಾ ಈಗ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ. ನಾ ಸತ್ತಿಲ್ಲಂತ ಹೇಳಾಕ ಬಂದಿದ್ದೆ. ಹೇಳಿದೆ."

ಹೊಸ್ತಿಲು ದಾಟಲಿಲ್ಲ. ತಿರುಗಿ ಬಂದು ಜೀಪು ಹತ್ತಿದಳು. ಅಮರೇಶನನ್ನು ಬೈದು ಬರೆಯಲು ನನಗೆ ಈಗಲೂ ಮನಸ್ಸಿಲ್ಲ. ಹೆದರಿದ ಮನುಷ್ಯ. ಆದರೆ ಹೆದರಿದವನ ಒಂದು "ಅಲ್ರೀ" ಇನ್ನೊಬ್ಬರ ಜೀವ ತೆಗೆಯಬಲ್ಲದು ಎಂಬುದನ್ನು ಅಂದು ಕಣ್ಣಾರೆ ಕಂಡೆ.

ಊರ ಹೊರಗೆ ಬಂದ ಮೇಲೆ ಅವಳಿಗೆ ನಡುಕ ಶುರುವಾಯಿತು. ನನ್ನ ಸೀರೆಯ ಸೆರಗು ಹೊದಿಸಿ ಹಿಡಿದುಕೊಂಡೆ. ರಾಯಚೂರಿಗೆ ನಡಿ ಎಂದು ಡ್ರೈವರನಿಗೆ ಹೇಳುವಷ್ಟರಲ್ಲಿ ಅವಳೆಂದಳು:

"ನಮ್ಮವ್ವನ ಊರಿಗಿ ಹೋಗೂನ್ರಿ."

"ಯಾವೂರು?"

"ಮಲ್ಲಟ. ಮಾನ್ವಿ ಕಡಿ."

ನನಗೆ ಸೋಜಿಗವಾಯಿತು. "ಇಷ್ಟು ದಿನ ಯಾಕ ಹೇಳಲಿಲ್ಲವ್ವಾ?"

"ಯಾರ್ ಕೇಳಿದ್ರಿ? ಎಲ್ಲಾರೂ ಗಂಡನ ಊರು ಕೇಳಿದ್ರಿ."

ಮುಂದಿನ ಸೀಟಿನ ಪೊಲೀಸಿನವಳೂ ತಲೆ ತಗ್ಗಿಸಿದಳು. ನಿಜ. ಮದುವೆಯಾದವಳಿಗೆ ಗಂಡನ ಊರೇ ಊರು ಎಂದು ನಾವು ಮೂರು ಹೊತ್ತು ಅದನ್ನೇ ಕೇಳಿದ್ದೆವು. ಅಲ್ಲಿ ನಿನ್ನ ಹೆಸರೇನಿತ್ತು ಎಂದು ಈಗ ಕೇಳಿದೆ. ಅವಳು ಕಿಟಕಿಯ ಕಡೆ ತಿರುಗಿ, "ಅವ್ವ ಕರೀಲಿ, ಕೇಳ್ರಿ" ಎಂದಳು.

ಸಿರವಾರ ದಾಟಿದೆವು. ಮಲ್ಲಟ ಹತ್ತಿರವಾದಂತೆ ಮತ್ತೆ ಸೆರಗಿನ ತುದಿ ಕೈಗೆ ಬಂತು. ಹೊಲಗಳ ನಡುವೆ ಜೀಪು ನಿಲ್ಲಿಸಿ ಎಂದಳು. ಇಳಿದು ಬದುವಿನ ಮೇಲೆ ಕೂತಳು.

"ತಿರಗೂನ್ರಿ ಅಕ್ಕಾರ."

"ಯಾಕವ್ವಾ?"

"ಆ ಹೆಣ ಮಣ್ಣ ಮಾಡುವಾಗ ಅವ್ವನೂ ಬಂದಿರತಾಳ. ಆಕಿನೂ ನಾನ ಅಂದ್ಕೊಂಡು ಅತ್ತಿರತಾಳ. ಈಗ ಆಕಿನೂ ಅಲ್ಲ ಅಂದ್ರ?" ಮುಖ ಮೇಲೆತ್ತಿದಳು. "ಆಕಿನ ಅಲ್ಲ ಅಂದ್ಮ್ಯಾಲ ನಾ ಯಾರ್ರಿ?"

ಪೊಲೀಸಿನವಳು ಹೊತ್ತಾಗುತ್ತದೆ ಎಂದು ಸನ್ನೆ ಮಾಡಿದಳು. ಎಬ್ಬಿಸಿ ಕರೆದೊಯ್ಯಬಹುದಿತ್ತು, ಅಂಥ ಎಬ್ಬಿಸುವ ಕೆಲಸದಲ್ಲಿ ನನ್ನ ಕೈ ಪಳಗಿದ್ದು. ಆದರೆ ಅಪ್ಪ ನನ್ನನ್ನು ಹೆಡ್‌ಮಾಸ್ತರರ ಮುಂದೆ ನಿಲ್ಲಿಸಿ ಕೇಳಿದ್ದು ಯಾಕೋ ಆ ಬದುವಿನ ಮೇಲೆ ನೆನಪಿಗೆ ಬಂತು. ಅವಳ ಪಕ್ಕ ಕೂತೆ.

"ತಿರಗೂನು ಅಂದ್ರ ತಿರಗೂನು. ಹೋಗೂನು ಅಂದ್ರ ಹೋಗೂನು. ನೀ ಹೇಳಿದಂಗ" ಎಂದೆ.

ಅವಳು ಬಹಳ ಹೊತ್ತು ಮಣ್ಣಿನ ಹೆಂಟೆಯೊಂದನ್ನು ಕೈಯಲ್ಲಿ ಪುಡಿ ಮಾಡುತ್ತ ಕೂತಳು. ಆಮೇಲೆ ಕೈ ಕೊಡವಿ ಎದ್ದಳು. "ನಡೀರಿ" ಎಂದಳು.

ಮಲ್ಲಟದಲ್ಲಿ ಮನೆಯ ಮುಂದಿನ ಕಟ್ಟೆಯ ಮೇಲೆ ಅವಳ ತಾಯಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಪೊಲೀಸ್ ಜೀಪು ಕಂಡು ಗಾಬರಿಯಿಂದ ಎದ್ದು ನಿಂತಳು. ನಾವು ಇಳಿದೆವು. ಮುದುಕಿ ಹುಬ್ಬಿಗೆ ಕೈಯಿಟ್ಟು ನೋಡಿದಳು. ಮಗಳ ಕತ್ತರಿಸಿದ ಕೂದಲು ನೋಡಿದಳು, ಮುಖ ನೋಡಿದಳು, ಮತ್ತೆ ನನ್ನ ಕಡೆ ತಿರುಗಿ ಕೇಳಿದಳು:

"ಯಾರ್ರಿ ಯವ್ವಾ ಇವರು?"

ಮಗಳ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ನೋಡಿದಾಗ ಅವಳ ಮುಷ್ಟಿ ಬಿಚ್ಚಿತ್ತು. ಸೆರಗು ಸುಮ್ಮನೆ ಗಾಳಿಗೆ ಆಡುತ್ತಿತ್ತು. ಯಾರೂ "ಬಾ" ಎನ್ನುವುದನ್ನು ಕಾಯದೆ ಕಟ್ಟೆಯ ಮೆಟ್ಟಿಲು ಹತ್ತಿ ತಾಯಿಯ ಮುಂದೆ ನಿಂತಳು.

"ಯವ್ವಾ, ನಾ ಹುಸೇನಮ್ಮ. ನೀ ಹೌದಂದ್ರೂ ನಾ ಹುಸೇನಮ್ಮ, ಅಲ್ಲಂದ್ರೂ ಹುಸೇನಮ್ಮ."

ಮೊರ ಬಿತ್ತು. ತೊಗರಿ ಅಂಗಳಕ್ಕೆಲ್ಲ ಚೆಲ್ಲಿತು. ಮುದುಕಿ ಎರಡೂ ಕೈಯಿಂದ ಮಗಳ ಬೆನ್ನಿಗೆ ದಬದಬ ಗುದ್ದತೊಡಗಿದಳು.

"ಎಲ್ಲಿ ಸತ್ತಿದ್ದಿ ಬೇ ಇಷ್ಟು ದಿನ! ಎಲ್ಲಿ ಸತ್ತಿದ್ದಿ!"

ಗುದ್ದುತ್ತ ಗುದ್ದುತ್ತ ತಬ್ಬಿಕೊಂಡಳು. ಮಗಳು ಅಳುವುದನ್ನು ನಾನು ಅಂದೇ ಮೊದಲು ಕೇಳಿದ್ದು. ನಾನೂ ಅತ್ತೆ, ಪೊಲೀಸಿನವಳು ಟೊಪ್ಪಿಗೆ ತೆಗೆದು ಅತ್ತಳು, ಡ್ರೈವರ್ ಬಾಗಿ ತೊಗರಿ ಆರಿಸತೊಡಗಿದ.

ಆಮೇಲೆ ಚಹಾ ಕುಡಿಯುವಾಗ ಮುದುಕಿ ಹೇಳಿದಳು. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹೆತ್ತ ಮಗಳಂತೆ, ಅದಕ್ಕೇ ಹುಸೇನಮ್ಮ. ನಮ್ಮ ಸೀಮೆಯಲ್ಲಿ ಅಂಥ ಹೆಸರು ಹೊಸದಲ್ಲ. ಗಂಡನ ಮನೆಯವರು ಅದು ತಮ್ಮ ಮನೆತನಕ್ಕೆ ಒಪ್ಪುವುದಿಲ್ಲ ಎಂದು ಮದುವೆಯ ದಿನವೇ ಮಹಾದೇವಿ ಮಾಡಿದರು. ಅವರು ಒಮ್ಮೆ ಅಳಿಸಿದರು, ನಾವು ಇನ್ನೊಮ್ಮೆ ಅಳಿಸಿದೆವು.

ಮಗಳನ್ನು ಒಪ್ಪಿಸಿದ ಬಗ್ಗೆ ಪೊಲೀಸಿನವಳು ಬರೆದುಕೊಳ್ಳುತ್ತ ಕೇಳಿದಳು: "ಗಂಡನ ಹೆಸರವ್ವಾ?"

ಹುಸೇನಮ್ಮ ಕಣ್ಣೊರೆಸಿಕೊಂಡು ನಕ್ಕಳು. "ದೇವದುರ್ಗದಾಗ ಓಣಿಗೆಲ್ಲ ಕೇಳುವಂಗ ಹೇಳಿ ಬಂದೀನಲ್ರಿ. ಇನ್ನ ಸಾಕು, ನಮ್ಮಪ್ಪನ ಹೆಸರ ಬರಕೋರಿ."

ನಾನು ರಾಯಚೂರಿಗೆ ಬಂದಾಗ ಊಟದ ಹೊತ್ತು. ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕೂತಿದ್ದರು. ಶಾಂತಮ್ಮ ರೂಢಿಯ ಮೇಲೆ ಮೂಲೆಯಲ್ಲಿ ಒಂದು ತಾಟು ಇಟ್ಟು, ರೊಟ್ಟಿ ಹಾಕಿ, ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಬಾಗಿಲ ಕಡೆ ನೋಡಿದಳು.

"ಗುರುವಮ್ಮ ಎಲ್ಲಿ, ಅಕ್ಕಾ?"

"ಆ ಹೆಸರಿನಾಕಿ ಇಲ್ಲಿ ಯಾರೂ ಇಲ್ಲ" ಎಂದೆ. "ತಾಟು ತೆಗಿ."

ಶಾಂತಮ್ಮ ನನ್ನ ಮುಖ ನೋಡಿದಳು. ಆಮೇಲೆ ತಾಟು ಎತ್ತಿಕೊಂಡು ಹೋಗಿ, ಅದರಲ್ಲಿನ ರೊಟ್ಟಿಯನ್ನು ಆ ದಿನ ಹೊಸದಾಗಿ ಬಂದು, ಇನ್ನೂ ಹೆಸರು ಹೇಳದೆ ಕೂತಿದ್ದ ಹೆಂಗಸಿನ ಮುಂದೆ ಇಟ್ಟಳು.